ಬರ್ಗೆನ್‌ನಲ್ಲಿ ಇಳಿದಾಗ: ಮಗಳಿಗೊಂದು ಪತ್ರ

ಚಿ. ಸೌ. ಶುಭಾಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಪ್ರಯಾಣದ ಪಟ್ಟಿ ನೋಡಿದೆ. ನಿಮ್ಮ ಪ್ರವಾಸದ ಹಡಗು ನಾರ್ವೆಯ ಬರ್ಗೆನ್‌ಗೆ ಬೆಳಗ್ಗೆ 8ಕ್ಕೆ ತಲುಪಿ ಸಂಜೆ 5ಕ್ಕೆ ಬಿಡುತ್ತದೆ. ಒಂಬತ್ತು ಗಂಟೆ ಸಿಕ್ಕಿತು ಅಂದುಕೊಳ್ಳಬೇಡ. ಹಡಗು ಕಟ್ಟಿ, ಕಾಗದಪತ್ರದ ಕೆಲಸ ಮುಗಿದ ಮೇಲಷ್ಟೇ ಇಳಿಯಲು ಬಿಡುತ್ತಾರೆ. ವಾಪಸ್ ಹತ್ತಲು ಕೊನೆಯ ಹೊತ್ತು ಸಾಮಾನ್ಯವಾಗಿ ಹೊರಡುವುದಕ್ಕೆ ಅರ್ಧ ಗಂಟೆ ಮೊದಲು. ಅದರಲ್ಲಿ ಪುಟ್ಟನ ಮಧ್ಯಾಹ್ನದ ನಿದ್ದೆ, ನಿಮ್ಮತ್ತೆಯವರ ಮೊಣಕಾಲು ಎರಡನ್ನೂ ಹಿಡಿದರೆ ಎರಡೇ ಜಾಗ ಇಟ್ಟುಕೊಳ್ಳುವುದು ಒಳ್ಳೆಯದು: ಫ್ಲೋಯೆನ್ ಗುಡ್ಡ ಮತ್ತು ಬ್ರಿಗ್ಗೆನ್ ಕೇರಿ. ಎರಡಕ್ಕೂ ಹಡಗಿನವರ ಟೂರ್ ಬೇಕಿಲ್ಲ. ರೈಲು ಹಿಡಿದು ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ಕೊಲ್ಲಿ) ನೋಡಿ ಬರುವ ಆಸೆಯನ್ನಂತೂ ಈ ಸಲಕ್ಕೆ ಬಿಟ್ಟುಬಿಡು. ಸ್ವಂತವಾಗಿ ಹೋಗಿ ರೈಲು ತಡವಾದರೆ ಹಡಗು ನಿಮಗಾಗಿ ಕಾಯುವುದಿಲ್ಲ.

ಯಾವ ದಕ್ಕೆಗೆ ಕಟ್ಟುತ್ತಾರೆ ಎಂದು ಹಿಂದಿನ ರಾತ್ರಿಯೇ ಕೇಳಿಕೊ. ಸ್ಕೋಲ್ಟನ್ ಆದರೆ ಅದೃಷ್ಟ. ಕೋಟೆಯ ಬುಡದಲ್ಲೇ ಇಳಿಯುತ್ತೀರಿ, ಬ್ರಿಗ್ಗೆನ್‌ಗೆ ಸಮತಟ್ಟು ದಾರಿಯಲ್ಲಿ ನಿಧಾನವಾಗಿ ನಡೆದರೂ ಕಾಲು ಗಂಟೆ ಸಾಕು. ಯೆಕ್ತೆವಿಕೆನ್ ಆದರೆ ಅದು ಸರಕು ಬಂದರಿನ ಅಂಗಳ. ಒಳಗೆ ಕಾಲ್ನಡಿಗೆಗೆ ಬಿಡುವುದಿಲ್ಲ, ಶಟಲ್ ಬಸ್ಸಿನಲ್ಲೇ ಊರಿಗೆ ಬರಬೇಕು. ಬಸ್ ಇಳಿಸಿದ ಜಾಗದ ಫೋಟೊ ತೆಗೆದಿಟ್ಟುಕೊ. ಸಂಜೆ ಕೊನೆಯ ಒಂದು ಗಂಟೆಯಲ್ಲಿ ಎಲ್ಲರೂ ಒಟ್ಟಿಗೆ ಅಲ್ಲಿಗೆ ಬಂದು ಸಾಲು ಬೆಳೆಯುತ್ತದೆ. ನೀವು ಒಂದೂವರೆ ಗಂಟೆ ಮೊದಲೇ ಅಲ್ಲಿರಿ.

ಎದ್ದ ಕೂಡಲೇ ಡೆಕ್ಕಿಗೆ ಹೋಗಿ ಗುಡ್ಡದ ತುದಿ ನೋಡು. ತುದಿಯ ಕಟ್ಟಡ ಕಾಣುತ್ತಿದ್ದರೆ ಮೊದಲು ಅಲ್ಲಿಗೇ ಹೋಗಿ. ಮೋಡ ಮುಚ್ಚಿದ್ದರೆ ಬ್ರಿಗ್ಗೆನ್ ಮೊದಲು, ಗುಡ್ಡ ಆಮೇಲೆ. ಮೋಡದೊಳಗೆ ನಿಂತು ಬಿಳಿ ಗೋಡೆ ನೋಡಲು ಟಿಕೆಟ್ ಕೊಳ್ಳುವುದು ದಂಡ. ಮೇಲೆ ಹತ್ತಿಸುವ ಫ್ಲೋಯಿಬಾನೆನ್ 1918ರಿಂದ ಓಡುತ್ತಿರುವ ಹಗ್ಗದ ರೈಲು. ಒಂದೇ ಹಗ್ಗದ ಎರಡು ತುದಿಗೆ ಎರಡು ಬೋಗಿ. ಒಂದು ಇಳಿಯುವಾಗ ಅದರ ಭಾರವೇ ಇನ್ನೊಂದನ್ನು ಎತ್ತಲು ನೆರವಾಗುತ್ತದೆ. ಸಮುದ್ರಮಟ್ಟದಿಂದ 320 ಮೀಟರ್ ಮೇಲಕ್ಕೆ ಐದಾರು ನಿಮಿಷ ಅಷ್ಟೆ. ಕೆಳಗಿನ ನಿಲ್ದಾಣ ಮೀನು ಮಾರುಕಟ್ಟೆಯಿಂದ ಕೂಗಳತೆ. ಟಿಕೆಟನ್ನು ಫೋನಿನಲ್ಲೇ ಮೊದಲೇ ತೆಗೆದುಕೊಂಡರೆ ಕೌಂಟರಿನ ಸಾಲು ತಪ್ಪುತ್ತದೆ, ಆದರೆ ಬೋಗಿ ಹತ್ತುವ ಸಾಲು ತಪ್ಪುವುದಿಲ್ಲ. ಎರಡು ಮೂರು ಹಡಗು ಒಂದೇ ದಿನ ಬಂದರೆ ಹತ್ತು ಗಂಟೆಯ ಮೇಲೆ ಅದು ರಸ್ತೆಗೆ ಬರುತ್ತದೆ. ಒಂಬತ್ತರೊಳಗೆ ಹತ್ತಿಬಿಡಿ. ಮಗುವಿನ ತಳ್ಳುಗಾಡಿಯನ್ನು ಬಿಡುತ್ತಾರೆ. ಮೇಲೆ ಮಕ್ಕಳಿಗೆ ಆಟದ ಜಾಗವಿದೆ. ಅಗಲವಾದ ದಾರಿಯಲ್ಲಿ ಹತ್ತು ಹದಿನೈದು ನಿಮಿಷ ನಡೆದರೆ ಸ್ಕೊಮಾಕರ್‌ಡಿಕೆ ಎಂಬ ಸಣ್ಣ ಕೆರೆ. ಕಾಡಿನ ನಡುವೆ ಸುತ್ತಿ ಸುತ್ತಿ ಇಳಿಯುವ ಕಾಲುದಾರಿ ಚೆನ್ನಾಗಿದೆ, ಮುಕ್ಕಾಲು ಗಂಟೆಯದು. ಆದರೆ ಮೊಣಕಾಲು ನೋಯುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅತ್ತೆಯವರನ್ನು ಕರೆದುಕೊಂಡು ರೈಲಿನಲ್ಲೇ ಇಳಿ. ಬೇಕಿದ್ದರೆ ಅಳಿಯಂದಿರು ನಡೆದು ಬರಲಿ.

ಮಳೆ ಬರುತ್ತದೆ ಎಂದೇ ತಯಾರಾಗಿ ಹೋಗು. ಅಟ್ಲಾಂಟಿಕ್‌ನಿಂದ ಬರುವ ಪಡುಗಾಳಿ ಆ ಊರಿನ ಗುಡ್ಡಗಳಿಗೆ ತಾಗಿ ಮೇಲೇರಿ ತಣಿದು ಸುರಿಯುತ್ತದೆ. ನಮ್ಮ ಘಟ್ಟದ ಮಳೆಯ ಲೆಕ್ಕವೇ. ಆದರೆ ನಮಗೆ ನಾಲ್ಕು ತಿಂಗಳಲ್ಲಿ ಬಂದುಹೋಗುವುದು ಅಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಹರಡಿಕೊಂಡಿರುತ್ತದೆ. ಒಟ್ಟು 2,000 ಮಿ.ಮೀ. ದಾಟುತ್ತದೆ. ಗಾಳಿ ಇದ್ದರೆ ಕೊಡೆ ಮಗುಚಿಕೊಳ್ಳುತ್ತದೆ, ಟೊಪ್ಪಿ ಇರುವ ಮಳೆ ಜಾಕೆಟ್ಟೇ ಸರಿ. ಜೀನ್ಸ್ ಬೇಡ, ಒಮ್ಮೆ ನೆನೆದರೆ ಹಡಗಿಗೆ ಬರುವವರೆಗೂ ಒಣಗುವುದಿಲ್ಲ. ಪುಟ್ಟನಿಗೆ ಎರಡು ಜೊತೆ ಕಾಲುಚೀಲ ಹೆಚ್ಚಿಗೆ ಇರಲಿ. ಜುಲೈ ಆದರೂ ಹಗಲು ಹದಿನೆಂಟು ಡಿಗ್ರಿಯ ಆಸುಪಾಸು. ಅತ್ತೆಯವರಿಗೆ ಸ್ವೆಟರ್ ಕಡ್ಡಾಯ.

ಬ್ರಿಗ್ಗೆನ್‌ಗೆ ಬಂದವರಲ್ಲಿ ಮುಕ್ಕಾಲು ಮಂದಿ ಬಣ್ಣದ ಮನೆಗಳ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೋಡುವಂಥದ್ದು ಇರುವುದು ಹಿಂದೆ. ಎರಡು ಮನೆಗಳ ನಡುವಿನ ಓಣಿ ಹೊಕ್ಕರೆ ಕಾಲಡಿ ಹಲಗೆ, ಎರಡೂ ಕಡೆ ಹಲಗೆ ಗೋಡೆ, ಮೇಲೆ ಒಂದಕ್ಕೊಂದು ಬಾಗಿದ ಮಹಡಿಗಳು. ಜರ್ಮನಿಯ ಹಾನ್ಸಾ ಎಂಬ ಕೂಟದ ವರ್ತಕರು 14ನೇ ಶತಮಾನದಲ್ಲಿ ಇಲ್ಲಿ ನೆಲೆ ಮಾಡಿ, ಉತ್ತರದಿಂದ ಬರುವ ಒಣಮೀನು ಕೊಂಡು ಧಾನ್ಯ ಕೊಡುತ್ತಿದ್ದರು. ನಮ್ಮ ಕರಾವಳಿಯ ಸೆಕೆಯಲ್ಲಿ ದೊಡ್ಡ ಮೀನನ್ನು ಉಪ್ಪು ಹಾಕದೆ ಒಣಗಿಸಿದರೆ ಕೊಳೆಯುತ್ತದೆ. ಅಲ್ಲಿ ಚಳಿಗಾಳಿಗೆ ಉಪ್ಪಿಲ್ಲದೆಯೇ ಕಟ್ಟಿಗೆಯಾಗುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಊರೆಲ್ಲ ಮರ, ಹಾಗಾಗಿ ಬೆಂಕಿಯ ಭಯ. ಗೋದಾಮಿನ ಮನೆಗಳಲ್ಲಿ ಒಲೆ ಹಚ್ಚುವಂತಿರಲಿಲ್ಲ, ಅಡುಗೆಗೂ ಚಳಿ ಕಾಯಿಸಲಿಕ್ಕೂ ಹಿಂದೆ ಬೇರೆ ಮನೆ. ಆದರೂ 1702ರಲ್ಲಿ ಸುಟ್ಟುಹೋಯಿತು. ಈಗ ಕಾಣುವುದು ಹಳೆಯ ಅಳತೆಯಲ್ಲೇ ಮತ್ತೆ ಕಟ್ಟಿದ್ದು; 1979ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. 1955ರಲ್ಲಿ ಒಂದು ಭಾಗ ಮತ್ತೆ ಸುಟ್ಟಾಗ ನೆಲ ಅಗೆದರೆ ರೂನ್ ಎಂಬ ಆ ಕಡೆಯ ಹಳೆಯ ಲಿಪಿ ಕೆತ್ತಿದ ನೂರಾರು ಮರದ ಚೂರುಗಳು ಸಿಕ್ಕವು. ಮೂಟೆಗೆ ಸಿಕ್ಕಿಸುವ ಹೆಸರಿನ ಪಟ್ಟಿಗಳೂ ಇದ್ದವು, ‘ಮನೆಗೆ ಬಾ ಅಂತಾಳೆ ಗೀಡಾ’ ಎಂದು ಯಾರಿಗೋ ಕೊಟ್ಟು ಕಳಿಸಿದ ಚೀಟಿಯೂ ಇತ್ತು! ಆ ಅಗೆತದ ಜಾಗದಲ್ಲೇ ಬ್ರಿಗ್ಗೆನ್ಸ್ ಮ್ಯೂಸಿಯಂ ಇದೆ. ಮಳೆ ಜೋರಾದರೆ ಅಲ್ಲಿ ಹೊಕ್ಕಿಬಿಡಿ. ನೆನೆದ ಹಲಗೆ ಜಾರುತ್ತದೆ, ತಳ್ಳುಗಾಡಿಯ ಸಣ್ಣ ಚಕ್ರ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಓಣಿಯೊಳಗೆ ಪುಟ್ಟನನ್ನು ಎತ್ತಿಕೊಳ್ಳಿ.

ಹಣ ಬದಲಿಸುವುದು ಬೇಡ, ಎಲ್ಲ ಕಡೆ ಕಾರ್ಡು ನಡೆಯುತ್ತದೆ. ಯಂತ್ರ ರೂಪಾಯಿಯೋ ಅಲ್ಲಿನ ಹಣವಾದ ಕ್ರೋನೋ ಎಂದು ಕೇಳಿದರೆ ಕ್ರೋನ್ ಒತ್ತು. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ. ಮೀನು ಮಾರುಕಟ್ಟೆಯಲ್ಲಿ ತಿನ್ನುವುದಾದರೆ ತೂಕಕ್ಕೆ ಒಟ್ಟು ಎಷ್ಟಾಯಿತು ಎಂದು ಬೇಯಿಸುವ ಮೊದಲೇ ಕೇಳಿ. ನನ್ನನ್ನು ಕೇಳಿದರೆ, ಅಲ್ಲಿ ನೋಡಿಕೊಂಡು ಬಂದರೆ ಸಾಕು, ಊಟ ಹಡಗಿನಲ್ಲೇ ಆಗಲಿ. ಅತ್ತೆಯವರಿಗೆ ಬೇಕರಿಯ ಶಿಲ್ಲಿಂಗ್ಸ್‌ಬೊಲ್ಲೆ ಕೊಡಿಸು, ದಾಲ್ಚಿನ್ನಿ ಸಕ್ಕರೆ ಸುತ್ತಿದ ದೊಡ್ಡ ಬನ್ನು, ಹಿಟ್ಟಿಗೆ ಹೆಚ್ಚಾಗಿ ಏಲಕ್ಕಿಯೂ ಬಿದ್ದಿರುತ್ತದೆ. ಮೇಲೆ ಮೊಟ್ಟೆ ಸವರಿದ್ದಾರೆಯೇ ಎಂದು ಕೇಳಿಯೇ ಕೊಳ್ಳು. ನಲ್ಲಿ ನೀರು ಕುಡಿಯಬಹುದು, ಖಾಲಿ ಬಾಟಲಿ ಇಟ್ಟುಕೊ. ನೀವು ಇಳಿಯುವುದು ಭಾನುವಾರವಾದರೆ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಮಗುವಿನ ಡಯಾಪರ್, ಔಷಧಿ ಹಿಂದಿನ ಬಂದರಲ್ಲೇ ತಗೊಂಡಿರು.

ಗಡಿಯಾರದ ವಿಷಯ ಮಾತ್ರ ಮರೆಯಬೇಡ. ನೀವು ಹತ್ತುವುದು ಇಂಗ್ಲೆಂಡಿನಲ್ಲಿ. ನಾರ್ವೆ ಒಂದು ಗಂಟೆ ಮುಂದೆ. ಹಡಗಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದು, ಏರೋಪ್ಲೇನ್ ಮೋಡ್‌ನಲ್ಲಿದ್ದ ನಿನ್ನ ಫೋನು ಇಂಗ್ಲೆಂಡಿನ ಹೊತ್ತನ್ನೇ ತೋರಿಸುತ್ತಿದ್ದರೆ ದಕ್ಕೆಗೆ ಬರುವಾಗ ಏಣಿ ಎತ್ತಿಯಾಗಿರುತ್ತದೆ. ಇಳಿಯುವ ಬಾಗಿಲ ಬಳಿ ಹಾಕಿದ ಬೋರ್ಡಿನ ಸಮಯಕ್ಕೆ ಕೈಗಡಿಯಾರ ಹೊಂದಿಸಿಕೊ, ಅದೊಂದನ್ನೇ ನಂಬು. ವಾಪಸ್ ಹತ್ತಿದ ಕೂಡಲೇ ಫೋನನ್ನು ಮತ್ತೆ ಏರೋಪ್ಲೇನ್ ಮೋಡ್‌ಗೆ ಹಾಕು. ಸಮುದ್ರದ ಮಧ್ಯೆ ಹಡಗಿನ ಸಿಗ್ನಲ್ ಹಿಡಿದರೆ ಬಿಲ್ಲು ಊರಿಗೆ ಬಂದ ಮೇಲೆ ಗೊತ್ತಾಗುತ್ತದೆ. ಹಡಗಿನವರು ದಿನವೂ ಕ್ಯಾಬಿನ್ನಿಗೆ ಕೊಡುವ ಹಾಳೆಯಲ್ಲಿ ಬಂದರಿನ ಏಜೆಂಟರ ನಂಬರ್ ಇರುತ್ತದೆ. ಆ ಹಾಳೆ, ಪ್ರತಿಯೊಬ್ಬರ ಹಡಗಿನ ಕಾರ್ಡು, ಫೋಟೊ ಇರುವ ಗುರುತಿನ ಚೀಟಿ, ಪಾಸ್‌ಪೋರ್ಟಿನ ಜೆರಾಕ್ಸ್, ಎಲ್ಲ ಅಳಿಯಂದಿರ ಒಳಜೇಬಿನಲ್ಲಿರಲಿ, ತಳ್ಳುಗಾಡಿಯ ಚೀಲದಲ್ಲಿ ಬೇಡ.

ಅಮ್ಮ ಕೇಳಿದ್ದಾಳೆಂದು ಹೇಳಲು ಹೇಳಿದ್ದಾಳೆ. ಅಳಿಯಂದಿರಿಗೂ ಅತ್ತೆಯವರಿಗೂ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅಪ್ಪ