ಮಕ್ಕಳ ಪೂಲ್‌ನ ಹೊಸ ನಿಯಮ: ನಮ್ಮ ಗ್ರಾಹಕರಿಗೊಂದು ಪತ್ರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಬರುವ ಏಪ್ರಿಲ್ 1ರಿಂದ ದಾವಣಗೆರೆಯ ನಮ್ಮ ವಾಟರ್ ಪಾರ್ಕಿನಲ್ಲಿ ಮಕ್ಕಳ ಪೂಲ್‌ನ ನಿಯಮ ಬದಲಾಗುತ್ತಿದೆ. 4 ಅಡಿಗಿಂತ ಕಡಿಮೆ ಎತ್ತರದ ಮಗು ನೀರಿಗಿಳಿದರೆ, ಮನೆಯ ದೊಡ್ಡವರೊಬ್ಬರು ಜೊತೆಗೆ ನೀರಿನಲ್ಲೇ ಇರಬೇಕು. ದಂಡೆಯ ಮೇಲಿನ ಕುರ್ಚಿಯಲ್ಲಲ್ಲ. ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರ. ಒಬ್ಬ ದೊಡ್ಡವರಿಗೆ ಎರಡು ಮಕ್ಕಳು, ಅದಕ್ಕಿಂತ ಜಾಸ್ತಿ ಬೇಡ. ಟಿಕೆಟ್ ದರ 40 ರೂಪಾಯಿ ಏರುತ್ತದೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಕಳೆದ ಮೇ ತಿಂಗಳ ಒಂದು ಭಾನುವಾರ. ಶಾಲೆಗಳಿಗೆ ರಜೆ, ಸುಡುಬಿಸಿಲು, ಪಾರ್ಕು ತುಂಬಿತ್ತು. ಹರಿಹರದ ಕಡೆಯಿಂದ ದೊಡ್ಡ ಕುಟುಂಬವೊಂದು ಬಂದಿತ್ತು. ಅವರ ನಾಲ್ಕು ವರ್ಷದ ಹುಡುಗ ಮಕ್ಕಳ ಪೂಲ್‌ನಲ್ಲಿದ್ದ. ದೊಡ್ಡವರಿಗೆ ಮೊಣಕಾಲುದ್ದ ನೀರು, ಅಷ್ಟೇ. ಅಪ್ಪ ನೋಡುತ್ತಿದ್ದಾರೆ ಅಂತ ಅಮ್ಮ ಅಂದುಕೊಂಡರು. ಸೋದರಮಾವ ಅಲ್ಲೇ ಇದ್ದಾನಲ್ಲ ಅಂತ ಅಪ್ಪ ಅಂದುಕೊಂಡರು. ಮಾವ ಊಟದ ಡಬ್ಬಿ ತರಲು ಕಾರಿನ ಹತ್ತಿರ ಹೋಗಿದ್ದರು. ಆ ಪೂಲ್‌ನ ಲೈಫ್‌ಗಾರ್ಡ್ ಎಲ್ಲಿದ್ದ? ಬಾಡಿಗೆ ಟ್ಯೂಬ್‌ಗಳ ಲೆಕ್ಕ ನೋಡಿ ಬಾ ಅಂತ ನಾವೇ ಕಳಿಸಿದ್ದೆವು.

ಮಗು ಮಗುಚಿ ಬಿದ್ದದ್ದನ್ನು ನೋಡಿದವರು ಬೇರೆ ಮನೆಯ ಒಬ್ಬ ಅಜ್ಜಿ. ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣ ಅಲ್ಲೇ ಬಿಟ್ಟು, ಸೀರೆಯಲ್ಲೇ ನೀರಿಗಿಳಿದು ಎತ್ತಿಕೊಂಡರು. ಹುಡುಗ ಕೆಮ್ಮಿದ, ಅತ್ತ. ಆ ಅಳು ಕೇಳಿದ ಮೇಲೆಯೇ ನಮಗೆ ಉಸಿರು ಬಂದದ್ದು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆವು, ಏನೂ ತೊಂದರೆಯಾಗಿರಲಿಲ್ಲ. ಆದರೆ ತಪ್ಪು ನಮ್ಮದು. ಆ ತಾಯಿ ತಂದೆಯ ಮುಂದೆ ಅವತ್ತೇ ಒಪ್ಪಿಕೊಂಡಿದ್ದೇವೆ, ಇಲ್ಲೂ ಒಪ್ಪಿಕೊಳ್ಳುತ್ತೇವೆ.

ಸುತ್ತ ಅಷ್ಟು ಜನ ಇದ್ದರೂ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬಂದ ಒಂದು ಕ್ಷಣದಲ್ಲಿ ಉಸಿರೆಳೆಯಬೇಕು, ಕೂಗಲು ಪುರಸೊತ್ತೇ ಇರುವುದಿಲ್ಲ. ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ, ಸಹಾಯಕ್ಕೆ ಬೀಸಲು ಆಗುವುದಿಲ್ಲ. ಫ್ರಾಂಕ್ ಪಿಯಾ ಎಂಬ ಅಮೆರಿಕದ ಲೈಫ್‌ಗಾರ್ಡ್ ಮುಳುಗುತ್ತಿದ್ದವರನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ಇದನ್ನು ಜಗತ್ತಿಗೆ ತೋರಿಸಿಕೊಟ್ಟರು. ನೀರಿನ ಮೇಲಿನ ಆ ಹೆಣಗಾಟ 20ರಿಂದ 60 ಸೆಕೆಂಡು ಮಾತ್ರ. ಒಂದು ವಾಟ್ಸಾಪ್ ಮೆಸೇಜ್ ಓದಿ ಉತ್ತರ ಹಾಕುವಷ್ಟು ಹೊತ್ತು. ಹಾಗಾಗಿ ಮಕ್ಕಳ ಪೂಲ್‌ನೊಳಗೆ ಇನ್ನು ಮೊಬೈಲ್ ಬೇಡ. ಫೋಟೋ ಬೇಕಾದರೆ ನಮ್ಮ ಹುಡುಗರೇ ದಂಡೆಯಿಂದ ತೆಗೆದುಕೊಡುತ್ತಾರೆ, ಲೈಫ್‌ಗಾರ್ಡ್ ಮಾತ್ರ ಅಲ್ಲ.

ಲೈಫ್‌ಗಾರ್ಡ್‌ಗೆ ಇನ್ನು ಮುಂದೆ ಒಂದೇ ಕೆಲಸ: ನೀರು ನೋಡುವುದು. ಸಾಮಾನಿನ ಲೆಕ್ಕ ನೋಡುವುದು, ಸ್ಲೈಡ್ ಸಾಲಿನ ಜಗಳ ಬಿಡಿಸುವುದು ಬೇರೆಯವರ ಪಾಲಿಗೆ. ಇದ್ದ ನಾಲ್ವರ ಜಾಗದಲ್ಲಿ ಏಳು ಜನ ಆಗಿದ್ದಾರೆ, ಏರಿಸಿದ 40 ರೂಪಾಯಿ ಅಲ್ಲಿಗೇ ಹೋಗುತ್ತದೆ. ತನ್ನ ಪಾಲಿನ ನೀರನ್ನು 10 ಸೆಕೆಂಡಿಗೊಮ್ಮೆ ಪೂರ್ತಿ ಕಣ್ಣಾಡಿಸಬೇಕು, ತೊಂದರೆ ಕಂಡರೆ 20 ಸೆಕೆಂಡಿನೊಳಗೆ ತಲುಪಬೇಕು. ಕೇಳಲು ಸುಲಭ. ಆದರೆ ಬಿಸಿಲಲ್ಲಿ, ಹೊಳೆಯುವ ನೀರನ್ನೇ ನೋಡುತ್ತಾ ಕೂತರೆ ಎಂಥವರ ಕಣ್ಣೂ ಸೋಲುತ್ತದೆ. ಅದಕ್ಕೇ ಅರ್ಧ ಗಂಟೆಗೊಮ್ಮೆ ಜಾಗ ಬದಲಾಗುತ್ತದೆ. ದಯವಿಟ್ಟು ಅವರನ್ನು ಮಾತಿಗೆಳೆಯಬೇಡಿ. ಉತ್ತರ ಕೊಡದಿದ್ದರೆ ಸೊಕ್ಕು ಅಂತ ತಿಳಿಯಬೇಡಿ.

ಕೆಲವರು ಕೇಳುತ್ತಾರೆ, ‘ಏಳು ಜನ ಇದ್ದಾರಲ್ಲ, ಮತ್ತೆ ನಾವ್ಯಾಕೆ ನೀರಿಗಿಳಿಯಬೇಕು?’ ಅಂತ. ನಮ್ಮ ಊರುಗಳಲ್ಲಿ ಬಾವಿಯಲ್ಲಿ ಈಜು ಕಲಿಸುವಾಗ ಮಗುವಿನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಅಪ್ಪನೋ ಅಣ್ಣನೋ ಹಿಡಿದಿರುತ್ತಿದ್ದರು, ಅಲ್ವಾ? ಲೈಫ್‌ಗಾರ್ಡ್ ನೂರು ಮಕ್ಕಳನ್ನು ನೋಡಬೇಕು. ನೀವು ಒಂದನ್ನೋ ಎರಡನ್ನೋ ನೋಡಿದರೆ ಸಾಕು. ಆ ಹಗ್ಗ ನಿಮ್ಮ ಕೈಯಲ್ಲೇ ಇರಲಿ.

ಗಾಳಿ ತುಂಬಿದ ಟ್ಯೂಬ್, ತೋಳಿನ ಬಲೂನು ಬಾಡಿಗೆ ಕೊಡುವುದನ್ನು ನಿಲ್ಲಿಸಿದ್ದೇವೆ. ಅವು ಆಟದ ಸಾಮಾನು, ಮಗುಚುತ್ತವೆ, ಜಾರುತ್ತವೆ. ಅಳತೆಗೆ ತಕ್ಕ ಲೈಫ್ ಜಾಕೆಟ್ ಉಚಿತವಾಗಿ ಕೊಡುತ್ತೇವೆ, ಆದರೆ ಜಾಕೆಟ್ ಹಾಕಿದ ಮಗುವಿನ ಜೊತೆಗೂ ನೀವಿರಬೇಕು. ಮಕ್ಕಳಿಗೆ ನೀಲಿ ಬಟ್ಟೆ ಬೇಡ, ನೀಲಿ ಪೂಲ್‌ನಲ್ಲಿ ಅದು ಕಾಣುವುದೇ ಇಲ್ಲ. ಕಿತ್ತಳೆ, ಕೆಂಪು ಹಾಕಿಸಿ.

ಇನ್ನೊಂದು ಮಾತು, ಇದು ನಮ್ಮ ಪಾರ್ಕಿಗಷ್ಟೇ ಅಲ್ಲ, ಭದ್ರಾ ನಾಲೆಗೂ ಕೆರೆಗೂ ಸೇರಿದ್ದು. ನೀರು ಕುಡಿದ ಮಗುವನ್ನು ತಲೆಕೆಳಗೆ ಹಿಡಿದು ಸುತ್ತಿಸಬೇಡಿ, ಹೊಟ್ಟೆ ಒತ್ತಬೇಡಿ. ಅದರಿಂದ ಹೊತ್ತು ಹೋಗುತ್ತದೆ, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಆಮೇಲೆ ಎದೆ ಒತ್ತಬೇಕು. ಜೊತೆಯಲ್ಲಿದ್ದವರು 108ಕ್ಕೆ ಫೋನ್ ಮಾಡಬೇಕು. ನಮ್ಮ ಟಿಕೆಟ್ ಕೌಂಟರಿನವರೂ ಅಡುಗೆಯವರೂ ಇದನ್ನು ಕಲಿತಿದ್ದಾರೆ. ಭಾನುವಾರ ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಅರ್ಧ ಗಂಟೆ ಗೊಂಬೆಯ ಮೇಲೆ ಅಭ್ಯಾಸ ಇರುತ್ತದೆ. ನೀವೂ ಬಂದು ಕಲಿಯಬಹುದು, ದುಡ್ಡು ಕೊಡಬೇಕಾಗಿಲ್ಲ.

ಈಗಾಗಲೇ ಟಿಕೆಟ್ ತೆಗೆದುಕೊಂಡವರು ಹೆಚ್ಚಿನ ಹಣ ಕೊಡಬೇಕಿಲ್ಲ. ಹೊಸ ನಿಯಮ ಒಗ್ಗದಿದ್ದರೆ ಮಾರ್ಚ್ 31ರೊಳಗೆ ಕೌಂಟರಿಗೆ ಬನ್ನಿ, ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಶಾಲೆಯಿಂದ ಬರುವವರು ಮಕ್ಕಳೆಷ್ಟು, ನೀರಿಗಿಳಿಯುವ ಶಿಕ್ಷಕರೆಷ್ಟು ಅಂತ ಎರಡು ದಿನ ಮುಂಚೆ ತಿಳಿಸಿ.

ನಿಮ್ಮ,
ವಾಟರ್ ಪಾರ್ಕಿನ ಬಳಗ
ದಾವಣಗೆರೆ