ವಿಲೀನದ ಸುದ್ದಿ ನಂಬಿ ಬ್ಯಾಂಕ್ ಷೇರು ಕೊಳ್ಳಬೇಡ

ಚಿ. ಪ್ರಶಾಂತನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಮೆಸೇಜ್ ಓದಿದೆ. ಸಣ್ಣ ಖಾಸಗಿ ಬ್ಯಾಂಕುಗಳನ್ನು ಇವತ್ತಲ್ಲ ನಾಳೆ ದೊಡ್ಡವರು ಕೊಂಡೇ ಕೊಳ್ಳುತ್ತಾರೆ, ಈಗಲೇ ಷೇರು ತೆಗೆದಿಟ್ಟರೆ ಲಾಭ ಅಂತ ಬರೆದಿದ್ದೀಯ. ಬೋನಸ್ ದುಡ್ಡನ್ನೆಲ್ಲ ಹಾಕುವ ಯೋಚನೆಯೂ ಇದೆಯಂತೆ. ಫೋನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ನಮ್ಮ ಕರಾವಳಿಯವರಿಗೆ ವಿಲೀನ ಹೊಸದಲ್ಲ. ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಮೂರೂ ಇಲ್ಲೇ ಹುಟ್ಟಿದ ಬ್ಯಾಂಕುಗಳು. 2019ರ ಏಪ್ರಿಲ್‌ನಲ್ಲಿ ವಿಜಯಾ ಹೋಯಿತು, 2020ರ ಏಪ್ರಿಲ್‌ನಲ್ಲಿ ಉಳಿದೆರಡು. ವಿಜಯಾದ 1000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402 ಕೊಟ್ಟರು, ಸಿಂಡಿಕೇಟಿನ 1000ಕ್ಕೆ ಕೆನರಾದ 158. 2018ರ ಸೆಪ್ಟೆಂಬರ್‌ನಲ್ಲಿ ವಿಜಯಾ, ದೇನಾ ಎರಡನ್ನೂ ಬರೋಡಾಕ್ಕೆ ಸೇರಿಸುವ ಸುದ್ದಿ ಹೊರಬಿದ್ದ ಮರುದಿನ ಏನಾಯಿತು ಗೊತ್ತಾ? ಸೊರಗಿದ್ದ ದೇನಾ ಬ್ಯಾಂಕಿನ ಷೇರು ಏರಿತು. ಲಾಭದಲ್ಲಿದ್ದ ವಿಜಯಾ ಇಳಿಯಿತು. ಕೊಳ್ಳುವ ಬರೋಡಾ ಇನ್ನೂ ಜಾಸ್ತಿ ಇಳಿಯಿತು. ಬರೋಡಾ ಷೇರು 2020ರಲ್ಲಿ 50 ರೂಪಾಯಿಗಿಂತ ಕೆಳಗೆ ಬಂತು. ಆಮೇಲೆ ಚೆನ್ನಾಗಿಯೇ ಏರಿತು, ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ಕೆಟ್ಟ ಸಾಲ ಕಡಿಮೆಯಾದದ್ದು. ವಿಲೀನ ಅಂತ ಕೊಂಡು ಮಧ್ಯದಲ್ಲಿ ಹೆದರಿ ಮಾರಿದವರಿಗೆ ಅದರಲ್ಲಿ ಏನೂ ಸಿಗಲಿಲ್ಲ.

ಲಕ್ಷ್ಮಿ ವಿಲಾಸ್ ಬ್ಯಾಂಕಿನ ಕಥೆಯನ್ನಂತೂ ನೀನು ಓದಲೇಬೇಕು. ಕರೂರಿನ ಹಳೆಯ ಬ್ಯಾಂಕು, 1926ರದ್ದು. 2019ರ ಏಪ್ರಿಲ್‌ನಲ್ಲಿ ಮನೆ ಸಾಲ ಕೊಡುವ ಇಂಡಿಯಾಬುಲ್ಸ್ ಹೌಸಿಂಗ್ ಕಂಪನಿ ಜೊತೆ ವಿಲೀನ ಎಂದು ಘೋಷಿಸಿದರು. ಬ್ಯಾಂಕಿನ 100 ಷೇರಿಗೆ ಇಂಡಿಯಾಬುಲ್ಸ್‌ನ 14 ಎಂದು ಲೆಕ್ಕವೂ ಆಗಿತ್ತು. ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಆಗಲ್ಲ ಅಂದುಬಿಟ್ಟಿತು. ಮಾತುಕತೆ ಮುಗಿದ ಮಾತ್ರಕ್ಕೆ ತಾಳಿ ಕಟ್ಟಿದಂತಾಗುವುದಿಲ್ಲ, ಅಲ್ವಾ? ಮರುವರ್ಷ ಬ್ಯಾಂಕಿನ ಬಂಡವಾಳವೇ ಮೈನಸ್‌ಗೆ ಹೋಯಿತು. 2020ರ ನವೆಂಬರ್ 17ರಂದು ಹಣ ತೆಗೆಯುವುದಕ್ಕೆ 25,000 ರೂಪಾಯಿ ಮಿತಿ ಹಾಕಿದರು. ಹತ್ತೇ ದಿನದಲ್ಲಿ ಅದು ಸಿಂಗಾಪುರದ ಡಿಬಿಎಸ್ ಬ್ಯಾಂಕಿನ ಇಲ್ಲಿಯ ಘಟಕ ಡಿಬಿಎಸ್ ಇಂಡಿಯಾದೊಳಗೆ ಸೇರಿತು. ಠೇವಣಿ ಇಟ್ಟವರ ದುಡ್ಡು ಪೂರ್ತಿ ಉಳಿಯಿತು. ಷೇರು ಇದ್ದವರಿಗೆ ಒಂದು ಪೈಸೆಯೂ ಇಲ್ಲ, ಪೂರಾ ಸೊನ್ನೆ.

ಅಂದರೆ ಅದನ್ನೂ ದೊಡ್ಡವರು ಬಂದು ತೆಗೆದುಕೊಂಡರು. ನಿನ್ನ ಲೆಕ್ಕ ಸರಿಯಾಗಿಯೇ ಇತ್ತು, ದುಡ್ಡು ಮಾತ್ರ ಬರಲಿಲ್ಲ!

ಹಾಗಂತ ಸಣ್ಣ ಬ್ಯಾಂಕುಗಳ ಷೇರೇ ಬೇಡ ಅನ್ನುತ್ತಿಲ್ಲ. ಯಾರೂ ಕೊಳ್ಳಲು ಬರುವುದೇ ಇಲ್ಲ ಅಂದುಕೊಂಡು ನೋಡು. ಆಗಲೂ ಆ ಬ್ಯಾಂಕು ನಿನಗೆ ಬೇಕು ಅನಿಸಿದರೆ ಕೊಳ್ಳು. ಮಂಗಳೂರಿನ ಕರ್ಣಾಟಕ ಬ್ಯಾಂಕ್ 1924ರಲ್ಲಿ ಶುರುವಾದದ್ದು, ನೂರು ದಾಟಿದರೂ ತನ್ನ ಕಾಲ ಮೇಲೇ ನಿಂತಿದೆ. ಯಾರೋ ಬರುತ್ತಾರೆ ಅಂತ ಕಾದು ಕೂತವನು ಎಷ್ಟು ವರ್ಷ ಕಾಯಬೇಕು ಹೇಳು.

ಕೊಳ್ಳುವ ಮೊದಲು ಎಂಟು ತ್ರೈಮಾಸಿಕದ ಫಲಿತಾಂಶ ಇಳಿಸಿಕೊಂಡು ಕೂತು ಓದು. ನಿವ್ವಳ ಎನ್‌ಪಿಎ (ನಷ್ಟಕ್ಕೆಂದು ತೆಗೆದಿಟ್ಟದ್ದು ಕಳೆದು ಉಳಿದ ಕೆಟ್ಟ ಸಾಲ) ಇಳಿಯುತ್ತಿದೆಯಾ, ಇಲ್ಲ ಸಾಲವನ್ನು ಸುಮ್ನೆ ರೈಟ್ ಆಫ್ ಮಾಡಿ, ಅಂದರೆ ಲೆಕ್ಕದ ಪುಸ್ತಕದಿಂದ ತೆಗೆದುಹಾಕಿ, ಚೆಂದ ಕಾಣಿಸುತ್ತಿದ್ದಾರಾ? ಉಳಿತಾಯ ಮತ್ತು ಚಾಲ್ತಿ ಖಾತೆಯ ದುಡ್ಡು ಎಷ್ಟಿದೆ, ಜಾಸ್ತಿ ಬಡ್ಡಿ ಕೊಟ್ಟು ತಂದ ಠೇವಣಿ ಎಷ್ಟು? ಷೇರಿನ ಬೆಲೆ ಪುಸ್ತಕ ಮೌಲ್ಯಕ್ಕಿಂತ (ಆಸ್ತಿಯಲ್ಲಿ ಸಾಲ ಕಳೆದು ಒಂದು ಷೇರಿಗೆ ಬರುವ ಪಾಲು) ಕಡಿಮೆ ಇದ್ದರೆ ಅಗ್ಗ ಅಂತ ಹಾರಬೇಡ, ಯಾಕೆ ಕಡಿಮೆ ಅಂತ ಕೇಳು. ಎಂಡಿ ಮೇಲಿಂದ ಮೇಲೆ ಬದಲಾಗುವ ಬ್ಯಾಂಕಿನ ಹತ್ತಿರ ನಾನಂತೂ ಹೋಗುವುದಿಲ್ಲ. ಮತ್ತೆ, ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಷೇರಿಗೆ ಅಂಥದ್ದೇನೂ ಇಲ್ಲ. ಬೋನಸ್ಸಿನಲ್ಲಿ ಹತ್ತರಲ್ಲಿ ಒಂದು ಪಾಲು ಹಾಕು, ಸಾಕು.

ಇನ್ನೊಂದು ಕೆಲಸ. ನಿನ್ನ ಅಜ್ಜನ ಪೆಟ್ಟಿಗೆಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಷೇರು ಪತ್ರ ಸಿಕ್ಕಿದೆ. 1000ಕ್ಕೆ 330ರಂತೆ ಅದು ಈಗ ಯೂನಿಯನ್ ಬ್ಯಾಂಕಿನ ಲೆಕ್ಕ. ಷೇರು ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೆ ಬರೆಯಬೇಕು, ಬಾಕಿ ಡಿವಿಡೆಂಡನ್ನೂ ಕೇಳಬೇಕು. ಚೌತಿಗೆ ಬರುವಾಗ ನಿನ್ನ ಅಪ್ಪನ ಪ್ಯಾನ್ ಮತ್ತು ಡಿಮ್ಯಾಟ್ ವಿವರ ತಾ. ಅಜ್ಜನ ಮರಣ ಪ್ರಮಾಣಪತ್ರದ ಪ್ರತಿ ನನ್ನ ಹತ್ತಿರವೇ ಇದೆ.

ನಿನ್ನ ದೊಡ್ಡಪ್ಪ