ಮಂಡಗದ್ದೆಯಲ್ಲಿ ಸಿಕ್ಕ ಅಣ್ಣನಿಗೆ

ಹೆಸರು ಗೊತ್ತಿಲ್ಲದ ಅಣ್ಣಾ, ನಿಮಗೆ ತುಂಬಾ ಥ್ಯಾಂಕ್ಸ್. ನನಗೆ ಆಟಿಸಂ ಇದೆ. ಗಲಾಟೆ ಜಾಸ್ತಿಯಾದರೆ ಮಾತೇ ನಿಂತುಹೋಗುತ್ತದೆ. ಮಂಡಗದ್ದೆ ಪಕ್ಷಿಧಾಮದಲ್ಲಿ ಹಾಗೇ ಆಯಿತು. ಕಿವಿ ಮುಚ್ಚಿಕೊಂಡು ಕೂತುಬಿಟ್ಟೆ. ನೀವು ಮೈ ಮುಟ್ಟಲಿಲ್ಲ, ‘ಏನಾಯ್ತು’ ಅಂತ ಮತ್ತೆ ಮತ್ತೆ ಕೇಳಲಿಲ್ಲ. ಜೋರಾಗಿ ಹಾಡು ಹಾಕಿದ್ದವರಿಗೆ ಹೇಳಿ ನಿಲ್ಲಿಸಿದಿರಿ. ಆಮೇಲೆ ಸ್ವಲ್ಪ ದೂರದಲ್ಲಿ ಸುಮ್ನೆ ಕೂತಿದ್ದಿರಿ.

ಮಾತು ಬಂದಮೇಲೆ ನಾನು ತುಂಗೆಯ ನಡುವಿನ ಮರ ತೋರಿಸಿ ಹಾವಕ್ಕಿ ಬಗ್ಗೆ ಶುರು ಮಾಡಿದೆ. ಅದರ ಗರಿ ನೀರಲ್ಲಿ ನೆನೆಯುತ್ತದೆ. ಅದಕ್ಕೇ ಸಲೀಸಾಗಿ ಮುಳುಗಿ ಮೀನು ಹಿಡಿಯುತ್ತದೆ. ಮೇಲೆ ಬಂದು ರೆಕ್ಕೆ ಬಿಚ್ಚಿ ಒಣಗಿಸುತ್ತದೆ. ಇದನ್ನೆಲ್ಲ ಹೇಳಹೊರಟರೆ ಎಷ್ಟೋ ಜನ ‘ಸಾಕು’ ಅಂದುಬಿಡುತ್ತಾರೆ. ನೀವು ಮಾತ್ರ ‘ನೀರುಕಾಗೆಯೂ ಹಾಗೇನಾ?’ ಅಂದಿರಿ. ಪೂರ್ತಿ ಕೇಳಿಸಿಕೊಂಡಿರಿ. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ, ಅಣ್ಣಾ.